ಅಡಾಲಿಮುಮ್ಯಾಬ್ ಇಂಜೆಕ್ಷನ್ ಮನೇಲೇ ತಗೊಳ್ಳೋದು ಹೇಗೆ? ಚುಚ್ಚೋದು ಸುಲಭ, ಕೆಡದಂಗೆ ಮನೆಗೆ ತರೋದೇ ಕಷ್ಟ

ಕೀಲುವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ ಕೀಲುಗಳ ಉರಿಯೂತ), ಸೋರಿಯಾಸಿಸ್ ಇರೋರಿಗೆ ಈಗ ದಾವಣಗೆರೆಯಲ್ಲೂ ಡಾಕ್ಟ್ರು ಅಡಾಲಿಮುಮ್ಯಾಬ್ ಬರೀತಾರೆ. ಇದು ನೋವಿನ ಮಾತ್ರೆ ಥರ ಅಲ್ಲ. ಟಿಎನ್‌ಎಫ್ ಅನ್ನೋ ಪ್ರೋಟೀನ್ ಮೈಯಲ್ಲಿ ಜಾಸ್ತಿಯಾಗಿ ಉರಿಯೂತ ಎಬ್ಬಿಸ್ತಿರುತ್ತಲ್ಲ, ಅದಕ್ಕೇ ಹೋಗಿ ಅಂಟ್ಕೊಂಡು ಕೈ ಕಟ್ಟಿಹಾಕೋ ಆಂಟಿಬಾಡಿ. ಆಂಟಿಬಾಡಿನೂ ಪ್ರೋಟೀನೇ, ನುಂಗಿದ್ರೆ ಹೊಟ್ಟೇಲಿ ಜೀರ್ಣ ಆಗೋಗುತ್ತೆ, ಅದಕ್ಕೇ ಚರ್ಮದ ಕೆಳಗೆ ಚುಚ್ಚೋದು. 2014ರಲ್ಲಿ ಝೈಡಸ್ ಕಂಪನಿಯೋರು ಭಾರತದಲ್ಲೇ ತಯಾರಿಸಿ ಕಡಿಮೆ ರೇಟಿಗೆ ಬಿಟ್ಟ ಮೇಲೆ ನಮ್ಮಂಥೋರ ಕೈಗೂ ಸಿಗ್ತಿದೆ.

ಮೊದಲನೇದು, ಶುರು ಮಾಡೋಕೆ ಮುಂಚೆ ಟಿಬಿ ಟೆಸ್ಟ್. ಇದನ್ನ ತಪ್ಪಿಸೋ ಹಾಗೇ ಇಲ್ಲ, ಒಳಗೆ ಸುಮ್ಮನಿರೋ ಟಿಬಿ ಎದ್ದುಬಿಡಬಹುದು.

ಎರಡನೇದು ಸಾಗಾಟ, ಜನ ಕೆಡಿಸೋದೇ ಇಲ್ಲಿ. ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು. ಚಿತ್ರದುರ್ಗದೋರು ಇಲ್ಲಿಗೆ ಬಂದು ತಗೊಂಡು, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೈಕ್ ಹ್ಯಾಂಡಲ್‌ಗೆ ನೇತಾಕ್ಕೊಂಡು ಏಪ್ರಿಲ್ ಬಿಸಿಲಲ್ಲಿ ಹೈವೇ ಹಿಡೀತಾರೆ. ಇನ್ನು ಕೆಲವರು ಜಾಣತನ ಮಾಡಿ ಫ್ರೀಜರಿಂದ ತೆಗೆದ ಐಸ್ ಪ್ಯಾಕ್‌ಗೇ ಬಾಕ್ಸ್ ಅಂಟಿಸಿ ಇಡ್ತಾರೆ, ಅದೂ ಬಿಸಿಲಿನಷ್ಟೇ ಕೆಟ್ಟದ್ದು, ಯಾಕಂದ್ರೆ ಹೆಪ್ಪುಗಟ್ಟಿದ ಪ್ರೋಟೀನ್ ಕರಗಿದ ಮೇಲೂ ಮೊದಲಿನ ಆಕಾರಕ್ಕೆ ಬರದೇ ಹೋಗಬಹುದು, ಮುದ್ದೆಮುದ್ದೆ ಆಗಬಹುದು, ಮೈ ಅದನ್ನ ಶತ್ರು ಅಂದ್ಕೊಂಡು ಔಷಧಿ ಮೇಲೇ ತಿರುಗಿಬೀಳಬಹುದು. ಸಣ್ಣ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್, ನಡುವೆ ದಪ್ಪ ಟವೆಲ್, ಇಷ್ಟು ಸಾಕು. ಊಟದ ಬ್ಯಾಗ್ ಜೊತೆ ಬರೋ ಆ ತೆಳ್ಳನೆ ಜೆಲ್ ಪ್ಯಾಕ್ ನಂಬಬೇಡಿ, ಅರ್ಧ ದಾರೀಲೇ ಬೆಚ್ಚಗಾಗಿರುತ್ತೆ. ಮನೇಲಿ ಫ್ರಿಜ್‌ನ ನಡು ಶೆಲ್ಫಲ್ಲಿಡಿ, ಬಾಗಿಲಲ್ಲಿ ಬೇಡ, ಹಿಂದಿನ ಗೋಡೆಗೂ ತಾಗಿಸಬೇಡಿ. '25 ಡಿಗ್ರಿ ಒಳಗೆ 14 ದಿನ ಹೊರಗಿಡಬಹುದು' ಅಂತ ಕೆಲವು ಕಂಪನಿಗಳ ಔಷಧಿ ಜೊತೆ ಬರೋ ಚೀಟೀಲಿ ಬರೆದಿರುತ್ತೆ, ಆದ್ರೆ ನಮ್ಮ ಬೇಸಿಗೇಲಿ 25 ಡಿಗ್ರಿ ಇರೋ ರೂಮು ಯಾರ ಮನೇಲಿದೆ ಹೇಳ್ರಿ?

ಮೂರನೇದು, ಚುಚ್ಚೋಕೆ 15ರಿಂದ 30 ನಿಮಿಷ ಮುಂಚೆ ಹೊರಗೆ ತೆಗೆದು ಸುಮ್ನೆ ಟೇಬಲ್ ಮೇಲಿಡಿ. ಬಿಸಿನೀರಲ್ಲಿ ಅದ್ದೋದು, ಕಂಕುಳಲ್ಲಿ ಇಟ್ಕೊಳ್ಳೋದು ಬೇಡ, ಕಾಫ್ ಸಿರಪ್ ಥರ ಕುಲುಕೋದಂತೂ ಬೇಡವೇ ಬೇಡ. ಆತುರಪಟ್ಟು ತಣ್ಣಗಿದ್ದಾಗ್ಲೇ ಚುಚ್ಚಿದ್ರೆ ಉರಿ ಜಾಸ್ತಿ, ಆಮೇಲೆ 'ಈ ಕಂಪನಿದು ಸರಿಯಿಲ್ಲ' ಅಂತ ಬೈತಾರೆ. ಔಷಧಿ ಮಬ್ಬಾಗಿದ್ರೆ, ಕಣ ತೇಲ್ತಿದ್ರೆ ವಾಪಸ್ ಕೊಡಿ.

ನಾಲ್ಕನೇದು, ಕೈ ತೊಳೆದು, ಸ್ಪಿರಿಟ್ ಒರೆಸಿ, ಅದು ಆರಿದ ಮೇಲೆ ಚುಚ್ಚಿ. ನಾನಂತೂ ತೊಡೆ ಮುಂಭಾಗವೇ ಅನ್ನೋನು, ಕಣ್ಣಿಗೆ ಕಾಣುತ್ತೆ, ಕೈ ನಡುಗಲ್ಲ. ಹೊಟ್ಟೆಗಾದ್ರೆ ಹೊಕ್ಕುಳಿಂದ 5 ಸೆಂಟಿಮೀಟರ್ ದೂರ ಇರಲಿ. ಪ್ರತಿಸಲ ಜಾಗ ಬದಲಿಸಿ. ಪೆನ್ (ಬಟನ್ ಒತ್ತಿದ್ರೆ ತಾನೇ ಚುಚ್ಚೋ ಸಾಧನ) ಆದ್ರೆ 'ಟಕ್' ಅಂದ ತಕ್ಷಣ ಎತ್ತಬೇಡಿ, ಆ ಸದ್ದು ಬರೀ ಶುರುವಾಯ್ತು ಅಂತ. ಪೆನ್ ಮೇಲಿರೋ ಸಣ್ಣ ಕಿಟಕಿ ಪೂರ್ತಿ ಬಣ್ಣ ತುಂಬೋವರೆಗೂ ಒತ್ತಿ ಹಿಡೀರಿ, ಇಲ್ಲಾಂದ್ರೆ ಸಾವಿರಾರು ರೂಪಾಯಿ ಔಷಧಿ ತೊಡೆ ಮೇಲೆ ಹರೀತಿರುತ್ತೆ. ಆಮೇಲೆ ಆ ಜಾಗ ಉಜ್ಜಬೇಡಿ.

ಜ್ವರ, ಕೆಮ್ಮು, ಹುಣ್ಣು ಇದ್ದ ದಿನ ಚುಚ್ಚೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ. ಡೋಸ್ ಮರೆತ್ರೆ ನೆನಪಾದ ಕೂಡ್ಲೇ ಹಾಕ್ಕೊಳ್ಳಿ, ಮುಂದಿನದು ಹಳೇ ತಾರೀಖಿಗೇ. ಎರಡು ಒಟ್ಟಿಗೆ ಬೇಡ. ಬಳಸಿದ ಸೂಜಿ ಗಟ್ಟಿ ಡಬ್ಬಕ್ಕೆ ಹಾಕಿ ಮುಚ್ಚಿ, ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ, ಕಸದ ಗಾಡಿಗೆ ಎಸೆದ್ರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ.