ಸುಮ್ನೆ ಕೂತಿದ್ದರೂ ತಪ್ಪೇ: ಆಯ್ಕೆ ಸಮಿತಿಯಿಂದ ಎದ್ದು ಹೊರಬರುವ ಬಗ್ಗೆ ನನ್ನ ಅನುಭವ

ಸರ್ಕಾರಿ ಕೆಲಸದಲ್ಲಿ ನೇಮಕಾತಿ ಸಮಿತಿ, ಟೆಂಡರ್ ಸಮಿತಿ ಅಂತ ಬೇಕಾದಷ್ಟು ಕಡೆ ಕೂತಿದ್ದೇನೆ. ಅಲ್ಲಿ ನನಗೆ ತಲೆನೋವು ತಂದದ್ದು ಲಂಚ ಅಲ್ಲ. ಲಂಚ ಹಿಡಿದು ಬಂದವನಿಗೆ ಬಾಗಿಲು ತೋರಿಸಿದರೆ ಮುಗಿಯಿತು. ಕಷ್ಟ ಇರುವುದು ಬೇಕಾದವರ ವಿಷಯದಲ್ಲಿ. ಅರ್ಜಿ ಹಾಕಿದವರಲ್ಲಿ ನಾದಿನಿಯ ಮಗ ಇರುತ್ತಾನೆ, ಟೆಂಡರ್ ಹಾಕಿದ ಕಂಪನಿಯಲ್ಲಿ ಹಳೇ ಸಹೋದ್ಯೋಗಿ ಮ್ಯಾನೇಜರ್ ಆಗಿರುತ್ತಾರೆ. ಅವರು ಏನೂ ಕೇಳಿರುವುದಿಲ್ಲ, ನಮಗೂ ಏನೂ ಮಾಡುವ ಯೋಚನೆ ಇರುವುದಿಲ್ಲ. ಆದರೂ ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಇದನ್ನು ನಾನು ಹೇಗೆ ನಿಭಾಯಿಸುತ್ತಾ ಬಂದೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನ ಹತ್ತಿರ ಒಂದು ಹಾಳೆ ಇದೆ. ಹೆಂಡತಿ ಎಲ್ಲಿ ಕೆಲಸ ಮಾಡುತ್ತಾಳೆ, ಅಣ್ಣತಮ್ಮಂದಿರ ವ್ಯಾಪಾರ ಏನು, ಮನೆಯಲ್ಲಿ ಯಾರ ಹೆಸರಲ್ಲಿ ಯಾವ ಕಂಪನಿಯ ಷೇರು ಇದೆ, ನಾನು ಯಾವ ಸಂಘದಲ್ಲಿ ಪದಾಧಿಕಾರಿ, ಯಾರಿಗೆ ಸಾಲ ಕೊಟ್ಟಿದ್ದೇನೆ, ಯಾರಿಂದ ಪಡೆದಿದ್ದೇನೆ, ಎಲ್ಲ ಅದರಲ್ಲಿದೆ. ವರ್ಷಕ್ಕೊಮ್ಮೆ ಆಸ್ತಿ ವಿವರ ಸಲ್ಲಿಸುವಾಗಲೇ ಇದನ್ನೂ ತಿದ್ದುತ್ತೇನೆ. ಮನೆಯವರನ್ನು ಕೂರಿಸಿಕೊಂಡು ಕೇಳಬೇಕು, ಕೇಳದೆ ಯಾರೂ ಹೇಳುವುದಿಲ್ಲ. ಮಗ ಯಾವ ಷೇರು ತೆಗೆದುಕೊಂಡಿದ್ದಾನೆ ಅನ್ನುವುದು ಅಪ್ಪನಿಗೆ ಗೊತ್ತಿರಬೇಕು ಅಂತ ಅವನಿಗೆ ಯಾಕೆ ಅನ್ನಿಸಬೇಕು ಹೇಳಿ?

ಸಂಘ, ಟ್ರಸ್ಟ್ ಅಂದರೆ 'ದುಡ್ಡಿನ ವಿಷಯ ಅಲ್ವಲ್ಲಾ' ಅಂತ ಬಿಟ್ಟುಬಿಡುವವರೇ ಜಾಸ್ತಿ. ಅವರಿಗೆ ನಾನು ಚಿಲಿ ದೇಶದ ಮಾಜಿ ಸರ್ವಾಧಿಕಾರಿ ಪಿನೋಶೆಯ ಪ್ರಕರಣ ಹೇಳುತ್ತೇನೆ. 1998ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದೇ) 3-2 ಬಹುಮತದಲ್ಲಿ ಆತನ ವಿರುದ್ಧ ತೀರ್ಪು ಕೊಟ್ಟಿತು. ಆ ಮೂವರಲ್ಲಿ ಒಬ್ಬ ನ್ಯಾಯಾಧೀಶರು ಆಮ್ನೆಸ್ಟಿ ಅನ್ನುವ ಮಾನವ ಹಕ್ಕು ಸಂಸ್ಥೆಯ ಧರ್ಮಾರ್ಥ ಅಂಗದ ನಿರ್ದೇಶಕರಾಗಿದ್ದರು, ಅದೂ ಸಂಬಳ ಇಲ್ಲದೆ. ಆಮ್ನೆಸ್ಟಿ ಆ ಪ್ರಕರಣದಲ್ಲಿ ತನ್ನ ವಾದ ಮಂಡಿಸಿತ್ತು. ಅಷ್ಟಕ್ಕೇ ತೀರ್ಪು ರದ್ದಾಗಿ, ಏಳು ನ್ಯಾಯಾಧೀಶರ ಪೀಠ ಮತ್ತೆ ಮೊದಲಿಂದ ಕೇಳಬೇಕಾಯಿತು. ಒಂದು ರೂಪಾಯಿಯ ಲಾಭವೂ ಇರಲಿಲ್ಲ ಅಲ್ಲಿ.

ಸಮಿತಿಗೆ ಹೆಸರು ಹಾಕಿದ ಆದೇಶ ಬಂದ ಕೂಡಲೇ ಅಭ್ಯರ್ಥಿಗಳ ಪಟ್ಟಿ ಕೇಳುತ್ತೇನೆ. ಕೆಲವು ಸಲ ಅದು ಸಂದರ್ಶನದ ದಿನ ಬೆಳಿಗ್ಗೆಯೇ ಕೈಗೆ ಬರುತ್ತದೆ. ಬರಲಿ, ಒಳಗೆ ಕಾಲಿಡುವ ಮೊದಲು ಓದಿಬಿಡುತ್ತೇನೆ. ಗೊತ್ತಿರುವ ಹೆಸರು ಕಂಡರೆ ಅಧ್ಯಕ್ಷರಿಗೆ ಎರಡು ಸಾಲಿನ ಪತ್ರ ಬರೆದು ಕೊಡುತ್ತೇನೆ. 'ಕ್ರಮ ಸಂಖ್ಯೆ ಇಂಥದ್ದರ ಅಭ್ಯರ್ಥಿ ನನ್ನ ನಾದಿನಿಯ ಮಗ. ಸೂಕ್ತ ನಿರ್ಧಾರಕ್ಕಾಗಿ ಸಲ್ಲಿಸಿದೆ.' ಅಷ್ಟೇ. ಇದಕ್ಕೆ 'ಆದರೂ ನಾನು ನಿಷ್ಪಕ್ಷಪಾತವಾಗಿ ನಡೆದುಕೊಳ್ಳುತ್ತೇನೆ' ಅಂತ ಬಾಲ ಸೇರಿಸುವವರಿದ್ದಾರೆ. ಸೇರಿಸಬೇಡಿ. ನಂಟು ಇದೆ ಅಂತ ಹೇಳುವುದು ನಮ್ಮ ಕೆಲಸ, ಅದರಿಂದ ತೊಂದರೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಬೇರೆಯವರ ಕೆಲಸ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964 ಕೂಡ ಇದನ್ನೇ ಹೇಳುತ್ತವೆ. ಕುಟುಂಬದವರು ಕೆಲಸದಲ್ಲಿರುವ ಕಂಪನಿಯ ಗುತ್ತಿಗೆ ವಿಷಯ ಮೇಜಿಗೆ ಬಂದರೆ ತಾನು ತೀರ್ಮಾನಿಸದೆ ಮೇಲಧಿಕಾರಿಗೆ ಕಳಿಸಬೇಕು.

ಪತ್ರ ಕೊಡುವ ಹೊತ್ತೂ ಮುಖ್ಯ. ಟೆಂಡರ್‌ನಲ್ಲಿ ದರದ ಲಕೋಟೆ ತೆರೆಯುವ ಮೊದಲೇ ಅದು ಕಡತದಲ್ಲಿ ಇರಬೇಕು. ಆಮೇಲೆ ಕೊಟ್ಟರೆ, ನಮ್ಮವರು ಗೆದ್ದಿದ್ದರೆ 'ಈಗ ನೆನಪಾಯ್ತಾ?' ಅಂತಾರೆ, ಸೋತಿದ್ದರೆ 'ಕೆಲಸ ಆಗಲಿಲ್ಲ, ಅದಕ್ಕೇ ಕೈ ತೊಳೆದುಕೊಂಡ' ಅಂತಾರೆ.

ಪತ್ರ ಓದಿದ ಅಧ್ಯಕ್ಷರು ಸಾಮಾನ್ಯವಾಗಿ ಹೇಳುವ ಮಾತು ಒಂದೇ. "ಅಯ್ಯೋ ಸಾರ್, ನೀವು ಅಂಥವರಲ್ಲ ಅಂತ ನಮಗೆಲ್ಲ ಗೊತ್ತಲ್ವಾ. ಎಲ್ಲಿಗೆ ಹೋಗ್ತೀರಿ, ಸುಮ್ನೆ ಕೂತ್ಕೊಳ್ಳಿ. ಆ ಹುಡುಗ ಬಂದಾಗ ಮಾತಾಡ್ಬೇಡಿ, ಅಷ್ಟೆ."

ಪ್ರೀತಿಯಿಂದಲೇ ಹೇಳುತ್ತಾರೆ, ಬೇಡ ಅನ್ನುವುದು ಮುಜುಗರವೇ. ಆದರೆ ಆ ಕೋಣೆಯನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಹುಡುಗ ಬಾಗಿಲು ತಳ್ಳಿ ಒಳಗೆ ಬರುತ್ತಾನೆ, ಮೇಜಿನ ಆಚೆ ದೊಡ್ಡಪ್ಪ ಕೂತಿದ್ದಾರೆ. ಪಕ್ಕದ ಸದಸ್ಯರು ಪ್ರಶ್ನೆ ಕೇಳುವ ಮೊದಲು ನನ್ನ ಮುಖ ನೋಡುತ್ತಾರೆ. ಅಂಕ ಹಾಕುವಾಗ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ನಾನು ಬಾಯಿ ಬಿಡದೇ ಇದ್ದರೂ ನನ್ನ ಇರುವಿಕೆಯೇ ಮಾತಾಡುತ್ತಿರುತ್ತದೆ. 1923ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಹೀಗೇ ಆಯಿತು. ಅಪಘಾತವೊಂದರ ವಿಷಯದಲ್ಲಿ ಒಬ್ಬ ಬೈಕ್ ಸವಾರನಿಗೆ ಕೆಳ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಅದೇ ಅಪಘಾತದ ಪರಿಹಾರಕ್ಕೆ ಅವನ ಮೇಲೆ ದಾವೆ ನಡೆಸುತ್ತಿದ್ದ ವಕೀಲರ ಕಚೇರಿಯ ಪಾಲುದಾರನೇ ಆವತ್ತು ನ್ಯಾಯಾಲಯದ ಗುಮಾಸ್ತ. ಸಲಹೆ ಬೇಕಾದೀತು ಅಂತ ನ್ಯಾಯಾಧೀಶರ ಜೊತೆ ಒಳಗೆ ಹೋಗಿದ್ದ. ಅವರು ಅವನನ್ನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಆದರೂ ಶಿಕ್ಷೆ ರದ್ದಾಯಿತು.

ಹಾಗಾಗಿ ನಾನು ಎದ್ದು ಹೋಗುತ್ತೇನೆ. ಒಬ್ಬನ ಸರದಿಗೆ ಮಾತ್ರ ಅಲ್ಲ, ಆ ಹುದ್ದೆಯ ಇಡೀ ಆಯ್ಕೆಯಿಂದ. ಇದು ಅತಿಯಾಯಿತು ಅಂದವರಿಗೆ ಕ್ರೈಪಾಕ್ ಪ್ರಕರಣ ಓದಿ ಅನ್ನುತ್ತೇನೆ. ಭಾರತೀಯ ಅರಣ್ಯ ಸೇವೆಗೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು. ಅವರೇ ಅಭ್ಯರ್ಥಿ ಕೂಡ! ತಮ್ಮ ಹೆಸರು ಬಂದಾಗ ಹೊರಗೆ ಹೋದರು, ಆದರೆ ಪ್ರತಿಸ್ಪರ್ಧಿಗಳ ಹೆಸರು ಚರ್ಚೆಗೆ ಬಂದಾಗ ಕೂತಿದ್ದರು, ಆದ್ಯತಾ ಪಟ್ಟಿ ಮಾಡುವಾಗಲೂ ಕೂತಿದ್ದರು. ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಅವರು ನಮ್ಮ ಮೇಲೆ ಪ್ರಭಾವ ಬೀರಿಲ್ಲ ಅಂತ ಉಳಿದ ಸದಸ್ಯರು ಪ್ರಮಾಣ ಮಾಡಿ ಹೇಳಿದರು. ಸುಪ್ರೀಂ ಕೋರ್ಟ್ 1969ರಲ್ಲಿ ಆಯ್ಕೆಯನ್ನೇ ರದ್ದು ಮಾಡಿತು. ನಮ್ಮವನಿಗೆ ಅಂಕ ಹಾಕದಿದ್ದರೂ ಅವನ ಎದುರಾಳಿಗೆ ಅಂಕ ಹಾಕಿದರೆ ಲೆಕ್ಕ ಒಂದೇ ಅಲ್ವಾ?

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೆಲವರು ತಾವು ಎಷ್ಟು ಪ್ರಾಮಾಣಿಕರು ಅಂತ ತೋರಿಸಲು ತಮ್ಮವನಿಗೇ ಬೇಕಂತ ಅಂಕ ಕಡಿಮೆ ಹಾಕುತ್ತಾರೆ. ಇದನ್ನು ಹೊಗಳುವವರೂ ಇದ್ದಾರೆ. ನನಗಂತೂ ಇದು ಅನ್ಯಾಯವೇ. ಆ ಹುಡುಗ ಓದಿ ಬಂದಿರುತ್ತಾನೆ, ನನ್ನ ಒಳ್ಳೆ ಹೆಸರಿನ ಬೆಲೆಯನ್ನು ಅವನು ಯಾಕೆ ತೆರಬೇಕು? ನಾನು ಹೊರಗಿದ್ದರೆ ಅವನಿಗೆ ಸಿಗುವುದು ಅವನ ಅಂಕ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ.

ಹೊರಗೆ ಹೋದ ಮೇಲೆ ಆ ಕಡತ ನನ್ನ ಮೇಜಿಗೆ ಬರಬಾರದು. ನಾನು ಇಷ್ಟು ಹೊತ್ತಿಗೆ ಹೊರಟೆ, ಚರ್ಚೆಯಲ್ಲಿ ಭಾಗವಹಿಸಿಲ್ಲ ಅಂತ ನಡಾವಳಿಯಲ್ಲಿ ಬರೆಸುತ್ತೇನೆ. ಸಂಜೆ ಯಾರಿಗೂ ಫೋನ್ ಮಾಡಿ 'ಏನಾಯ್ತು?' ಅಂತ ಕೇಳುವುದಿಲ್ಲ. ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಾರೆ, ಅದಕ್ಕೆ ಮದ್ದಿಲ್ಲ.

ಹಾಗಂತ ಮುಖ ಪರಿಚಯ ಇದ್ದವರಿಗೆಲ್ಲ ಎದ್ದು ಹೋಗುತ್ತಾ ಕೂತರೆ ಕೆಲಸ ನಡೆಯುವುದಿಲ್ಲ. ಯಾವುದೋ ತರಬೇತಿಯಲ್ಲಿ ಜೊತೆಗಿದ್ದವರು, ಸಭೆಗಳಲ್ಲಿ ಸಿಗುವವರು, ಇವರನ್ನೆಲ್ಲ ಬರೆದು ಕೊಡುತ್ತೇನೆ, ಆದರೆ ಅಧ್ಯಕ್ಷರು ಕೂರಿ ಅಂದರೆ ಕೂರುತ್ತೇನೆ. ಕಷ್ಟದ ಕಡತ ಬಂದಾಗಲೆಲ್ಲ 'ನನಗೆ ಅವರು ಗೊತ್ತು' ಅಂತ ಜಾರಿಕೊಳ್ಳುವವರನ್ನೂ ನೋಡಿದ್ದೇನೆ. ಅದು ಪ್ರಾಮಾಣಿಕತೆ ಅಲ್ಲ, ಮೈಗಳ್ಳತನ.

ಇನ್ನು ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಸದಸ್ಯರ ಸಂಖ್ಯೆ. ನಾನು ಎದ್ದರೆ ಸಭೆಯೇ ನಡೆಯುವುದಿಲ್ಲ ಅನ್ನುವ ಮಾತು ಆಗಾಗ ಬರುತ್ತದೆ. ಇದಕ್ಕೇ ಪತ್ರವನ್ನು ಮೊದಲೇ ಕೊಡುವುದು, ಬದಲಿ ಸದಸ್ಯರನ್ನು ಹಾಕಿಸಲು ಸಮಯ ಸಿಗುತ್ತದೆ. ಕಾನೂನೇ ಬೇರೆ ದಾರಿ ಬಿಡದ ಕಡೆ ಮಾತ್ರ ಕೂರಬಹುದು. ಲೋಕಸೇವಾ ಆಯೋಗದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಹಾಗೇ ಹೇಳಿದೆ. ಆಯೋಗದ ಸದಸ್ಯರು ತಮ್ಮ ಸಂಬಂಧಿಕರ ಸಂದರ್ಶನದ ಹೊತ್ತಿಗೆ ಹೊರಗಿದ್ದರೆ ಸಾಕು, ಆ ಸಂಬಂಧಿಕರಿಗೆ ಬಂದ ಅಂಕವನ್ನು ಈ ಸದಸ್ಯರಿಗೆ ತಿಳಿಸಬಾರದು. ಮಾಮೂಲಿ ಇಲಾಖಾ ಸಮಿತಿಗೆ ಈ ರಿಯಾಯಿತಿ ಇಲ್ಲ, ಅಲ್ಲಿ ಬದಲಿಯವರು ಸಿಗುತ್ತಾರೆ. ಸಿಗುವವರೆಗೆ ಸಂದರ್ಶನ ಮುಂದಕ್ಕೆ ಹಾಕಿ ಅಂತಲೇ ನಾನು ಬರೆದು ಕೊಡುತ್ತೇನೆ.