ನೊರಗಾಮಿ ಎರಡನೇ ಸೀಸನ್: ನಾನು ನೋಡಿದ ರೀತಿ

ಫೈಟಿಂಗ್ ನೋಡೋಕೆ ಅಂತ ಕೂತವರಿಗೂ ನೊರಗಾಮಿ ಎಂಬ ಅನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಎರಡನೇ ಸೀಸನ್ ಇಷ್ಟವಾಗುತ್ತದೆ. ನನಗೆ ಅದು ಹಿಡಿಸಿದ್ದು ದೇವರಿಗೂ ಅವನ ಸೇವಕರಿಗೂ ಇರುವ ಋಣಕ್ಕಾಗಿ. ಆ ಎಳೆ ಹಿಡಿದು ನೋಡಿದರೆ ಈ ಸೀಸನ್ ಮೊದಲನೆಯದಕ್ಕಿಂತ ಎಷ್ಟೋ ಮೇಲು ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕಥೆ ನಡೆಯುವುದು ಈಗಿನ ಜಪಾನಿನ ನಗರದಲ್ಲಿ. ಯಾತೊ ಒಬ್ಬ ಸಣ್ಣ ದೇವರು. ಅವನಿಗೆ ಗುಡಿಯಿಲ್ಲ, ಭಕ್ತರಿಲ್ಲ. ಟ್ರ್ಯಾಕ್‌ಸೂಟ್ ಹಾಕಿಕೊಂಡು ಗೋಡೆಗಳ ಮೇಲೆ ಫೋನ್ ನಂಬರ್ ಬರೆದು, ಐದು ಯೆನ್ ಕೊಟ್ಟರೆ ಯಾರ ಕೆಲಸವನ್ನಾದರೂ ಮಾಡಿಕೊಡುತ್ತಾನೆ. ಸತ್ತವರ ಆತ್ಮಕ್ಕೆ ದೇವರು ಹೆಸರಿಟ್ಟರೆ ಅದು ಅವನ ಆಯುಧವಾಗುತ್ತದೆ. ಅದೇ ಶಿಂಕಿ. ಯಾತೊನ ಶಿಂಕಿ ಯುಕಿನೆ ಎಂಬ ಹುಡುಗ. ಇವರಿಬ್ಬರ ಜೊತೆ ಹಿಯೋರಿ ಎಂಬ ಶಾಲೆಯ ಹುಡುಗಿ. ಶಿಂಕಿ ತಪ್ಪು ಮಾಡಿದರೆ, ಕೆಟ್ಟದ್ದು ಯೋಚಿಸಿದರೆ, ಆ ನೋವು ದೇವರ ಮೈಗೆ ಚುಚ್ಚುತ್ತದೆ. ಇದೊಂದು ನಿಯಮ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಸಾಕು, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲ ಸೀಸನ್ ಬಂದಿದ್ದು 2014ರ ಜನವರಿಯಲ್ಲಿ, 12 ಎಪಿಸೋಡ್. ಎರಡನೆಯದು, ಅಂದರೆ 'ನೊರಗಾಮಿ ಅರಗೊತೊ', 2015ರ ಅಕ್ಟೋಬರ್‌ನಲ್ಲಿ ಶುರುವಾಗಿ 13 ಎಪಿಸೋಡ್ ಓಡಿತು. ಎರಡೂ ಬೋನ್ಸ್ ಸ್ಟುಡಿಯೊದ ಕೆಲಸ. ಅರಗೊತೊ ಶುರು ಮಾಡುವ ಮೊದಲು ನಾನು ಹಳೆಯದನ್ನು ಮತ್ತೆ ನೋಡಿದೆ, ಆದರೆ ಯುಕಿನೆ ಅಳುತ್ತಾ ತಪ್ಪೊಪ್ಪಿಕೊಳ್ಳುವ ಒಂಬತ್ತನೇ ಎಪಿಸೋಡ್‌ವರೆಗೆ ಮಾತ್ರ. ಕೊನೆಯಲ್ಲಿ ಬರುವ ರಾಬೊ ಎಂಬ ಇನ್ನೊಬ್ಬ ದೇವರ ಕಥೆ ಮೂಲ ಮಾಂಗಾದಲ್ಲಿಲ್ಲ (ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್), ಅನಿಮೆಗಾಗಿ ಸೇರಿಸಿದ್ದು. ಅದನ್ನು ಬಿಟ್ಟರೂ ಎರಡನೇ ಸೀಸನ್‌ಗೆ ಏನೂ ಕಡಿಮೆಯಾಗುವುದಿಲ್ಲ.

ಭಾಷೆ ಜಪಾನೀಸ್‌ನಲ್ಲೇ ಇಟ್ಟುಕೊಂಡು ಸಬ್‌ಟೈಟಲ್ ಓದಿದೆ. ಯಾತೊಗೆ ದನಿ ಕೊಟ್ಟಿರುವ ಹಿರೋಶಿ ಕಾಮಿಯಾ ಒಂದೇ ಮಾತಿನೊಳಗೆ ಹುಡುಗಾಟದಿಂದ ಭಯ ಹುಟ್ಟಿಸುವ ತಣ್ಣನೆಯ ದನಿಗೆ ಇಳಿಯುತ್ತಾರೆ. ಅದನ್ನು ಕಳೆದುಕೊಳ್ಳಬಾರದು.

ಇಲ್ಲಿಂದ ಮುಂದೆ ಕಥೆ ಬಿಚ್ಚಿಡುತ್ತೇನೆ. ನೋಡದವರು ನೋಡಿ ಬನ್ನಿ.

ಸೀಸನ್‌ನ ಮೊದಲ ಅರ್ಧ ಬಿಷಾಮೊನ್‌ದು. ನನ್ನ ತಂಗಿ ಜೊತೆಗೆ ಕೂತಿದ್ದಳು. "ಅಕ್ಕಾ, ಬಿಷಾಮೊನ್ ಅಂದ್ರೆ ನಮ್ಮ ಕುಬೇರನಂತೆ, ಹೌದಾ?" ಅಂದಳು. ಹೌದು, ವೈಶ್ರವಣನೇ. ಬೌದ್ಧ ಧರ್ಮದ ಜೊತೆ ಚೀನಾ ಹಾದು ಜಪಾನ್ ಸೇರಿ ಯೋಧನಾದವನು, ಅಲ್ಲಿನ ಏಳು ಭಾಗ್ಯದೇವತೆಗಳಲ್ಲಿ ಒಬ್ಬ. ನಮ್ಮ ಸರಸ್ವತಿಯೂ ಬೆಂಜೈತೆನ್ ಆಗಿ ಅದೇ ಏಳರಲ್ಲಿದ್ದಾಳೆ. ನಮ್ಮ ಹಳೆಯ ಗುಡಿಗಳ ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕಾಣುವ ಕುಬೇರ, ಇಲ್ಲಿ ಸಿಂಹದ ಮೇಲೆ ಬಂದೂಕು ಹಿಡಿದು ಬರುವ ಹೆಣ್ಣು. ತಂಗಿಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಆಮೇಲೆ ಒಂದು ಎಪಿಸೋಡೂ ತಪ್ಪಿಸಲಿಲ್ಲ.

ಬಿಷಾಮೊನ್ ಕಷ್ಟಪಡುವ ಆತ್ಮ ಕಂಡರೆ ಬಿಡುವವಳಲ್ಲ, ಎಲ್ಲರಿಗೂ ಹೆಸರಿಟ್ಟು ಮನೆಗೆ ಕರೆತರುತ್ತಾಳೆ. ಆದರೆ ಅಷ್ಟು ಜನರ ಅಳು, ಅನುಮಾನ, ಒಂಟಿತನ ಎಲ್ಲವೂ ಅವಳೊಬ್ಬಳ ಮೈಗೆ ಚುಚ್ಚುತ್ತದೆ. ಆ ಮನೆಯೊಳಗಿನ ವೈದ್ಯ ಕುಗಾಹಾ ಇದನ್ನೇ ಬಳಸಿಕೊಂಡು ಅವಳನ್ನು ಕೊಂದು ಹೊಸದಾಗಿ ಹುಟ್ಟಿಸಬೇಕು ಅಂತ ಸಂಚು ಮಾಡುತ್ತಾನೆ. ಇನ್ನೊಂದು ಕಡೆ ಅವಳ ಇನ್ನೊಬ್ಬ ಶಿಂಕಿ ಕಜುಮಾ. ಹಿಂದೆ ಅವಳ ಹಳೆಯ ಶಿಂಕಿಗಳೆಲ್ಲ ಕೆಟ್ಟು ಪಿಶಾಚಿಯಾದಾಗ, ಅವಳನ್ನು ಉಳಿಸಲು ಯಾತೊನನ್ನು ಬೇಡಿಕೊಂಡವನು ಇವನೇ. ಯಾತೊ ಅವರನ್ನೆಲ್ಲ ಕೊಂದ. ಇಬ್ಬರೂ ನಿಜ ಹೇಳಲಿಲ್ಲ. ಬಿಷಾಮೊನ್ ಶತಮಾನಗಳ ಕಾಲ ಯಾತೊನನ್ನೇ ದ್ವೇಷಿಸುತ್ತಾ ಬಂದಳು.

ಈ ಭಾಗವನ್ನು ನಾನು ಬಿಡಿಬಿಡಿಯಾಗಿ ನೋಡಲಿಲ್ಲ, ಒಂದೇ ಓಟಕ್ಕೆ ನೋಡಿ ಮುಗಿಸಿದೆ. ಮಧ್ಯೆ ನಿಲ್ಲಿಸಿದರೆ ಆ ಮನೆಯ ತುಂಬ ನಿಧಾನವಾಗಿ ಹರಡುವ ಭಯದ ಬಿಗಿ ಸಡಿಲವಾಗುತ್ತದೆ. ಯಾತೊನನ್ನು ಕಾಪಾಡಲು ಯುಕಿನೆ ಎದೆಗೊಟ್ಟು ನಿಂತು, ಒಂದು ಕತ್ತಿಯಾಗಿದ್ದವನು ಎರಡು ಕತ್ತಿಯಾಗುವ ಕ್ಷಣವಿದೆಯಲ್ಲ, ಅದಕ್ಕೆ ಮೊದಲ ಸೀಸನ್‌ನಲ್ಲಿ ಅವನು ಕದ್ದದ್ದು, ಯಾತೊ ಅದರ ನೋವು ತಿಂದದ್ದು ಎಲ್ಲ ನೆನಪಿರಬೇಕು. ಹಳೆಯ ಎಪಿಸೋಡ್ ಮತ್ತೆ ನೋಡಿದ್ದು ಇದಕ್ಕೇ.

ಆಮೇಲೆ ಬೇಕಂತಲೇ ಕೆಲವು ದಿನ ಬಿಡುವು ತೆಗೆದುಕೊಂಡೆ. ಎರಡನೇ ಅರ್ಧದ ನಡಿಗೆಯೇ ಬೇರೆ. ಹಿಯೋರಿ ಯಾತೊನನ್ನು ಮರೆತುಬಿಡುತ್ತಾಳೆ. ಯಾರೂ ನೆನೆಯದಿದ್ದರೆ ಸಣ್ಣ ದೇವರು ಅಳಿದೇ ಹೋಗುತ್ತಾನೆ, ಹಾಗಾಗಿ ಯಾತೊನ ಆ ಸಂಕಟ ಸುಮ್ನೆ ಪ್ರೀತಿಯ ಮುನಿಸಲ್ಲ.

ಈ ಅರ್ಧದಲ್ಲೇ ಬರುವ ಎಬಿಸು ಎಂಬ ದೇವರ ಕಥೆಗೆ ಮೊದಲು ಒಂದು ಜಪಾನೀ ಪುರಾಣ ಓದಿಕೊಂಡೆ. ಇಜಾನಗಿ, ಇಜಾನಮಿ ದಂಪತಿಗೆ ಹುಟ್ಟಿದ ಹಿರುಕೊ ಸರಿಯಾಗಿ ಬೆಳೆಯದ ಮಗು. ಅದನ್ನು ಜೊಂಡಿನ ದೋಣಿಯಲ್ಲಿಟ್ಟು ನೀರಿಗೆ ಬಿಟ್ಟರು. ಅವನೇ ಮುಂದೆ ಮೀನುಗಾರರ ದೇವರು ಎಬಿಸು ಆದ ಅಂತ ಅಲ್ಲಿ ಬಹಳ ಜನ ನಂಬುತ್ತಾರೆ. ಇದು ಗೊತ್ತಿದ್ದು ನೋಡಿದರೆ, ಎಬಿಸು ಸತ್ತವರ ಲೋಕಕ್ಕೆ ಇಳಿದು ಅದೇ ಇಜಾನಮಿಯ ಎದುರು ನಿಲ್ಲುವ ದೃಶ್ಯ ಕರುಳು ಹಿಂಡುತ್ತದೆ. ಅವನು ಅಲ್ಲಿಗೆ ಹೋದದ್ದು ಪಿಶಾಚಿಗಳನ್ನು ಹತೋಟಿಗೆ ತಂದು ಜನರ ಕಷ್ಟ ಕಳೆಯಲು. ಸ್ವರ್ಗದ ದೇವತೆಗಳಿಗೆ ಅದು ಅಪರಾಧ. ಅವನು ಸತ್ತು ಮತ್ತೆ ಮಗುವಾಗಿ ಹುಟ್ಟುತ್ತಾನೆ, ಹಳೆಯ ನೆನಪು ಒಂದೂ ಇಲ್ಲದೆ. ಅವನ ಸೇವಕರಿಗೆ ಮಾತ್ರ ಎಲ್ಲವೂ ನೆನಪಿದೆ. ದೇವರನ್ನು ಕಳೆದುಕೊಂಡು ಅದೇ ದೇವರನ್ನು ಎತ್ತಿ ಬೆಳೆಸಬೇಕಾದ ಅವರ ಪಾಡು ನೋಡಿ ಅವತ್ತು ನನಗೆ ಬೇರೇನೂ ನೋಡೋಕೆ ಮನಸ್ಸಾಗಲಿಲ್ಲ.

ಕೊನೆಗೆ ಫುಜಿಸಾಕಿ ಎಂಬ ಹುಡುಗನೊಳಗೆ ಯಾರಿದ್ದಾರೆ ಅಂತ ತೋರಿಸಿ ಸೀಸನ್ ಮುಗಿಯುತ್ತದೆ. ಮೂರನೇ ಸೀಸನ್ ಬಂದಿಲ್ಲ. ಅದಾಚಿತೊಕ ಎಂಬ ಹೆಸರಿನಲ್ಲಿ ಇಬ್ಬರು ಸೇರಿ ಬರೆದ ಮಾಂಗಾ 2024ರಲ್ಲಿ ಪೂರ್ತಿಯಾಗಿದೆ, ಒಟ್ಟು 27 ಸಂಪುಟ. ತಂಗಿ ಆಗಲೇ ನನಗಿಂತ ಮುಂದೆ ಓದಿದ್ದಾಳೆ. ಬಿಷಾಮೊನ್‌ಗೆ ಮುಂದೆ ಏನಾಗುತ್ತದೆ ಅಂತ ಹೇಳಬೇಡ ಅಂದಿದ್ದೇನೆ.