ಕೊಂಪಿರಾದ 785 ಮೆಟ್ಟಿಲು ಹತ್ತುವುದು ಹೇಗೆ?

ಜಪಾನಿನ ಶಿಕೋಕು ದ್ವೀಪದಲ್ಲಿರುವ ಕೊತೊಹಿರಾ-ಗೂ ಎಂಬ ಶಿಂಟೊ (ಜಪಾನಿನ ಮೂಲ ಧರ್ಮ) ಗುಡಿಯನ್ನು ನಾವಿಕರು, ಮೀನುಗಾರರು 'ಕೊಂಪಿರಾ-ಸಾನ್' ಎಂದೇ ಕರೆಯುತ್ತಾರೆ. ಈ ಹೆಸರು ಸಂಸ್ಕೃತದ 'ಕುಂಭೀರ'ದಿಂದ ಬಂದದ್ದು, ಅಂದರೆ ಮೊಸಳೆ. ಸಮುದ್ರಯಾನ ಸುಖವಾಗಿ ಸಾಗಲಿ ಎಂದು ಹರಕೆ ಹೊರುವ ಜಾಗವಿದು.

ಅದೇ ದ್ವೀಪದ ತಕಮತ್ಸು ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ತಡಮಾಡಿದರೆ ಬಿಸಿಲೇ ಸುಸ್ತು ಮಾಡುತ್ತದೆ. ಬೆಟ್ಟದ ಬುಡದ ಅಂಗಡಿಗಳಲ್ಲಿ ಬಿದಿರಿನ ಊರುಗೋಲು ಸಿಗುತ್ತದೆ, ತಪ್ಪದೆ ತೆಗೆದುಕೊಳ್ಳಿ. ಅದು ಹೆಚ್ಚು ನೆರವಾಗುವುದು ಇಳಿಯುವಾಗ: ಮಂಡಿಗೆ ಭಾರ ಬೀಳುವುದು ಆಗಲೇ, ಮಳೆ ಬಂದರೆ ಕಲ್ಲು ಜಾರುತ್ತದೆ.

365ನೇ ಮೆಟ್ಟಿಲಿನಲ್ಲಿ ಮಹಾದ್ವಾರ. ಒಳಗೆ ದೊಡ್ಡ ಬಿಳಿ ಕೊಡೆಗಳ ಕೆಳಗೆ ಸಕ್ಕರೆ ಮಿಠಾಯಿ ಮಾರುತ್ತಾರೆ. ಈ ಹಕ್ಕು ತಲೆತಲಾಂತರದಿಂದ ಐದು ಮನೆತನಗಳದ್ದು. 500ನೇ ಮೆಟ್ಟಿಲಿನ ಹತ್ತಿರ ಹಡಗು ಕಟ್ಟುವ ಕಂಪನಿಯೊಂದು ಹರಕೆಯಾಗಿ ಒಪ್ಪಿಸಿದ ಬೃಹತ್ ಪ್ರೊಪೆಲ್ಲರ್ ನಿಂತಿದೆ.

ಹೆಚ್ಚಿನವರು ಮೋಸಹೋಗುವುದು 628ನೇ ಮೆಟ್ಟಿಲಿನಲ್ಲಿ. ಅಲ್ಲಿನ ಅಸಾಹಿ-ನೊ-ಯಾಶಿರೊ ಎಂಬ ಉಪಗುಡಿಯ ಕೆತ್ತನೆ ಅಷ್ಟು ಭವ್ಯ, ಇದೇ ಮುಖ್ಯ ಗುಡಿ ಎಂದುಕೊಂಡು ಹಿಂತಿರುಗಿಬಿಡುತ್ತಾರೆ. ನಿಲ್ಲಬೇಡಿ. ದಾರಿಯಲ್ಲಿ ಒಂದು ಮೆಟ್ಟಿಲು ಕೆಳಕ್ಕಿಳಿಯುತ್ತದೆ, ಗಮನಿಸಿ. ಮುಖ್ಯ ಗುಡಿಗೆ ಹತ್ತುವ ಮೆಟ್ಟಿಲು ನಿಜಕ್ಕೂ 786, ಆದರೆ ಆ ಸಂಖ್ಯೆಯನ್ನು ಜಪಾನಿಯಲ್ಲಿ 'ನಯಾಮು' ಎಂದು ಓದಬಹುದು, ಅಂದರೆ ಚಿಂತೆ. ಒಂದು ಮೆಟ್ಟಿಲು ಇಳಿಸಿ ಲೆಕ್ಕ 785 ಆಗುವಂತೆ ಮಾಡಿದ್ದಾರೆ ಎನ್ನುತ್ತಾರೆ. ಕೊನೆಯ 133 ಮೆಟ್ಟಿಲು ಬಹಳ ಕಡಿದು. ನಿಧಾನವಾಗಿ, ನಿಂತು ನಿಂತು ಹತ್ತಿ.

ದರ್ಶನಕ್ಕೆ ಮೊದಲು ನೀರಿನ ತೊಟ್ಟಿಯಲ್ಲಿ ಸೌಟು ತುಂಬಿಕೊಳ್ಳಿ. ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಎಡ ಬೊಗಸೆಗೆ ನೀರು ಹಾಕಿ ಬಾಯಿ ಮುಕ್ಕಳಿಸಿ, ಸೌಟಿಗೆ ತುಟಿ ತಾಗಿಸಬೇಡಿ. ಮತ್ತೆ ಎಡಗೈ ತೊಳೆದು, ಉಳಿದ ನೀರು ಹಿಡಿಯ ಮೇಲೆ ಹರಿಯುವಂತೆ ಸೌಟನ್ನು ನೆಟ್ಟಗೆ ಎತ್ತಿ. ಒಂದೇ ಸೌಟು ನೀರಿನಲ್ಲಿ ಇಷ್ಟೂ ಮುಗಿಯಬೇಕು. ಗುಡಿಯೆದುರು ಕಾಣಿಕೆ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ ಬೇಡಿಕೊಂಡು, ಮತ್ತೊಮ್ಮೆ ಬಾಗಿ.

ಪಕ್ಕದ ಎಮಾ-ದೆನ್ ಮಂಟಪವನ್ನು ಮಾತ್ರ ಬಿಡಬೇಡಿ, ಕೊಂಪಿರಾದ ಜೀವವೇ ಅಲ್ಲಿದೆ. ಹಡಗುಗಳ ಚಿತ್ರ, ಫೋಟೊ, ಹರಕೆಯ ಹಲಗೆಗಳು ಗೋಡೆಯುದ್ದಕ್ಕೂ ತುಂಬಿವೆ. ಹಿಂದೆ ಇಲ್ಲಿಗೆ ಬರಲಾಗದ ನಾವಿಕರು ಕಾಣಿಕೆಯನ್ನು ಪೀಪಾಯಿಯಲ್ಲಿಟ್ಟು ಸಮುದ್ರಕ್ಕೆ ಬಿಡುತ್ತಿದ್ದರು. ಸಿಕ್ಕ ಹಡಗಿನವರು ಅದನ್ನು ಎತ್ತಿ ಗುಡಿಗೆ ತಲುಪಿಸುತ್ತಿದ್ದರು.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಇನ್ನೂ 583 ಮೆಟ್ಟಿಲು ಹತ್ತಿದರೆ ಒಳಗುಡಿ. ಇಳಿದ ಮೇಲೆ ಬಿಸಿ ಉಡೋನ್ (ಸಾರಿನಲ್ಲಿ ಬಡಿಸುವ ದಪ್ಪ ಗೋಧಿ ನೂಡಲ್ಸ್) ತಿನ್ನುವ ಆಸೆಯಾಗುತ್ತದೆ. ಸಸ್ಯಾಹಾರಿಗಳು ಮೊದಲು ವಿಚಾರಿಸಿ: ಆ ಸಾರನ್ನು ಸಾಮಾನ್ಯವಾಗಿ ಒಣಮೀನಿನಲ್ಲೇ ಕುದಿಸಿರುತ್ತಾರೆ.